ದಾನಚಿಂತಾಮಣಿ ಅತ್ತಿಮಬ್ಬೆ: ತಾಯಿಯನ್ನು ನೆನೆಯುವ ಬಗೆ

॥ ಶ್ರೀ ವೀತರಾಗಾಯ ನಮಃ ॥

ಮನುಷ್ಯನಿಗೆ ಮೊದಲ ಗುರು ತಾಯಿ. ಣಮೋಕಾರ ಮಂತ್ರವನ್ನು ಶಾಲೆಯಲ್ಲಿ ಕಲಿತವರು ವಿರಳ. ತಾಯಿಯ ತೊಡೆಯ ಮೇಲೆ ಕುಳಿತು ಆಕೆಯ ಬಾಯಿಂದ ಕಲಿತವರೇ ಹೆಚ್ಚು. ಕನ್ನಡದ ಮನೆಯಲ್ಲಿ ಆಕೆ ಅವ್ವ, ಮರಾಠಿಯ ಮನೆಯಲ್ಲಿ ಆಯಿ, ಗುಜರಾತಿಯ ಮನೆಯಲ್ಲಿ ಬಾ, ಹಿಂದಿಯ ಮನೆಯಲ್ಲಿ ಮಾ. ಕರೆಯುವ ಹೆಸರು ಬೇರೆಯಾದರೂ ನೀರನ್ನು ಸೋಸಿ ಕೊಡುವ, ಸೂರ್ಯಾಸ್ತಕ್ಕೆ ಮುನ್ನವೇ ಮನೆಮಂದಿಗೆ ಉಣಬಡಿಸುವ, ಪರ್ವದ ದಿನ ತಾನು ಉಪವಾಸವಿದ್ದು ಮಕ್ಕಳ ಹಸಿವನ್ನು ನೋಡಿಕೊಳ್ಳುವ ಕೈ ಒಂದೇ.

ಅಂಥ ತಾಯಿ ದೇಹ ಬಿಟ್ಟ ಮೇಲೆ ಆಕೆಯನ್ನು ನೆನೆಯುವ ಬಗೆ ಯಾವುದು? ಗೋಡೆಯ ಮೇಲೆ ಭಾವಚಿತ್ರ, ಅದಕ್ಕೊಂದು ಮಾಲೆ, ತಿಥಿಯ ದಿನ ಅಭಿಷೇಕ, ಅನ್ನದಾನ, ಮಂದಿರದ ಫರಸಿಯ ಮೇಲೆ ಹೆಸರು. ಇವೆಲ್ಲ ಶ್ರದ್ಧೆಯಿಂದ ಮಾಡುವ ಕಾರ್ಯಗಳೇ, ಇವುಗಳಲ್ಲಿ ದೋಷವಿಲ್ಲ. ಆದರೆ ಮೂರನೆಯ ತಲೆಮಾರಿನ ಹುಡುಗನು ಆ ಫರಸಿಯ ಮೇಲೆ ನಿಂತು ಹೆಸರನ್ನು ಓದಿ "ಇವರು ಯಾರು?" ಎಂದು ಕೇಳುತ್ತಾನೆ. ಆಗ ಉತ್ತರ ಹೇಳುವವರು ಮನೆಯಲ್ಲಿ ಇಲ್ಲದಿದ್ದರೆ ಹೆಸರು ಉಳಿದೂ ತಾಯಿ ಮರೆತುಹೋದಂತೆಯೇ ಸರಿ.

ಜೈನ ಸಿದ್ಧಾಂತದ ಪ್ರಕಾರ ಪ್ರತಿಯೊಂದು ಜೀವವೂ ತನ್ನ ಕರ್ಮಫಲವನ್ನು ತಾನೇ ಅನುಭವಿಸುತ್ತದೆ. ಮಕ್ಕಳು ಮಾಡಿದ ಪುಣ್ಯವನ್ನು ಅಗಲಿದ ತಾಯಿಯ ಲೆಕ್ಕಕ್ಕೆ ಜಮಾ ಮಾಡಲು ಬರುವುದಿಲ್ಲ. ಆದ್ದರಿಂದ ತಾಯಿಯ ಸ್ಮರಣೆ ಎಂಬುದು ಆಕೆಗೆ ಏನನ್ನೋ ಕಳಿಸಿಕೊಡುವ ವಿಧಿಯಲ್ಲ. ಆಕೆಯಿಂದ ಪಡೆದುದನ್ನು ಉಳಿದವರಿಗೆ ಮುಟ್ಟಿಸುವ ಹೊಣೆ ಅದು. ಈ ಹೊಣೆಯನ್ನು ಹೇಗೆ ನಿರ್ವಹಿಸಬೇಕೆಂಬುದನ್ನು ಸಾವಿರ ವರ್ಷಗಳ ಹಿಂದೆ ಬದುಕಿ ತೋರಿದ ಪ್ರಾತಃಸ್ಮರಣೀಯ ಮಹಾಮಾತೆ ದಾನಚಿಂತಾಮಣಿ ಅತ್ತಿಮಬ್ಬೆ. ಆಕೆಯ ದಾನದ ಕೀರ್ತಿ ಎಲ್ಲರಿಗೂ ಗೊತ್ತು. ಆದರೆ ಆಕೆ ಮಗಳಾಗಿ, ಅಕ್ಕನಾಗಿ, ಸೊಸೆಯಾಗಿ, ತಾಯಿಯಾಗಿ ಬದುಕಿದ ಬಗೆಯನ್ನು ಅರಿತರೆ ಮಾತ್ರ ಆ ದಾನದ ಅರ್ಥ ತಿಳಿಯುತ್ತದೆ. ಈ ಪಾಠದ ಉದ್ದೇಶ ಅಷ್ಟೇ.

ತವರುಮನೆ ಮತ್ತು ಅತ್ತೆಮನೆ

ಅತ್ತಿಮಬ್ಬೆಯ ಪೂರ್ವಜರು ಕನ್ನಡನಾಡಿನ ನಡುಭಾಗದವರಲ್ಲ. ಇಂದಿನ ಆಂಧ್ರಪ್ರದೇಶಕ್ಕೆ ಸೇರಿದ ವೆಂಗಿಮಂಡಲದವರು. ಅಲ್ಲಿಯ ಪುಂಗನೂರಿನ ನಾಗಮಯ್ಯ ಆಕೆಯ ಅಜ್ಜ. ನಾಗಮಯ್ಯನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಗಂಡುಮಕ್ಕಳು. ಮಲ್ಲಪಯ್ಯನ ಮಕ್ಕಳಲ್ಲಿ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಎಂಬ ಇಬ್ಬರು ಹೆಣ್ಣುಮಕ್ಕಳು. ಶಸ್ತ್ರ ಹಿಡಿದು ರಾಜಸೇವೆ ಮಾಡುತ್ತಿದ್ದ ಈ ಮನೆತನವು ಶಾಸ್ತ್ರವನ್ನೂ ಅಷ್ಟೇ ಗೌರವದಿಂದ ಕಂಡಿತ್ತು.

ಅದಕ್ಕೊಂದು ದೊಡ್ಡ ನಿದರ್ಶನವಿದೆ. ಈ ಸಹೋದರರ ಗುರುಗಳಾದ ಜಿನಚಂದ್ರದೇವರು ದೇಹತ್ಯಾಗ ಮಾಡಿದಾಗ ಅವರ ನೆನಪಿಗಾಗಿ ಅಣ್ಣತಮ್ಮಂದಿರು ಮಹಾಕವಿ ಪೊನ್ನನಿಂದ ಹದಿನಾರನೆಯ ತೀರ್ಥಂಕರರ ಚರಿತ್ರೆಯಾದ ಶಾಂತಿಪುರಾಣವನ್ನು ಬರೆಯಿಸಿದರು. ಪೊನ್ನನು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದವನು. ಪಂಪ, ರನ್ನರೊಡನೆ ಕನ್ನಡದ ರತ್ನತ್ರಯರಲ್ಲಿ ಒಬ್ಬನು. ಹಿರಿಯರ ನೆನಪನ್ನು ಗ್ರಂಥದ ಮೂಲಕ ಉಳಿಸುವ ಪಾಠವನ್ನು ಅತ್ತಿಮಬ್ಬೆ ಕಲಿತದ್ದು ತವರುಮನೆಯಲ್ಲಿಯೇ.

ಆಕೆಯ ಅತ್ತೆಮನೆಯೂ ಸಾಮಾನ್ಯವಾದುದಲ್ಲ. ಕಲ್ಯಾಣ ಚಾಲುಕ್ಯರ ರಾಜ್ಯವನ್ನು ಕ್ರಿ.ಶ. 973ರಲ್ಲಿ ಮತ್ತೆ ಕಟ್ಟಿದ ಇಮ್ಮಡಿ ತೈಲಪನ ಆಸ್ಥಾನದಲ್ಲಿ ಧಲ್ಲಪನು ಉನ್ನತ ಅಧಿಕಾರಿಯಾಗಿದ್ದನು. ಅವನ ಮಗ ನಾಗದೇವ ಶೂರ ಸೇನಾನಿ. ಆ ಕಾಲದ ರೂಢಿಯಂತೆ ಅಕ್ಕತಂಗಿಯರಿಬ್ಬರನ್ನೂ ನಾಗದೇವನಿಗೇ ಕೊಟ್ಟು ಮದುವೆ ಮಾಡಿದರು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗ ಹುಟ್ಟಿದನು. ಪಡೆವಳ ತೈಲನೆಂಬ ಹೆಸರಿನಿಂದಲೂ ಅವನು ಪ್ರಸಿದ್ಧನು. ಒಂದೇ ಮನೆಯಲ್ಲಿ ಅಕ್ಕತಂಗಿಯರು, ಒಬ್ಬನೇ ಮಗ, ಯುದ್ಧಕ್ಕೆ ಹೋಗಿ ಬರುವ ಗಂಡ, ರಾಜಕಾರ್ಯದಲ್ಲಿರುವ ಮಾವ: ಇದು ಆಕೆಯ ಸಂಸಾರ.

ವಿಯೋಗದಲ್ಲಿ ಎರಡು ಹಾದಿ

ಕೆಲವು ಕಾಲದ ಮೇಲೆ ನಾಗದೇವನು ಯುದ್ಧದಲ್ಲಿ ವೀರಮರಣವನ್ನು ಹೊಂದಿದನು. ಒಂದೇ ವಾರ್ತೆ ಇಬ್ಬರು ಅಕ್ಕತಂಗಿಯರ ಮಾಂಗಲ್ಯವನ್ನು ಕಿತ್ತುಕೊಂಡಿತು. ತಂಗಿ ಗುಂಡಮಬ್ಬೆ ಅಂದಿನ ಲೋಕರೂಢಿಯಂತೆ ಗಂಡನ ಚಿತೆಯನ್ನೇರಿದಳು. ಅಕ್ಕ ಅತ್ತಿಮಬ್ಬೆ ಬದುಕಿ ಉಳಿದಳು. ಗಂಡನನ್ನೂ ಒಡಹುಟ್ಟಿದ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡು, ತಂದೆಯಿಲ್ಲದ ಮಗನನ್ನು ಮುಂದೆ ಕೂರಿಸಿಕೊಂಡು ಉಳಿದಳು.

ಇಲ್ಲಿ ಗುಂಡಮಬ್ಬೆಯನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆಕೆಯ ದುಃಖದ ಆಳವನ್ನು ಅಳೆಯಲು ಬಾರದು. ಆದರೆ ಜಿನಾಗಮವು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ಶ್ರಾವಕ ಶ್ರಾವಿಕೆಯರು ತಿಳಿದಿರಬೇಕು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಢತೆಗಳನ್ನು ವಿವರಿಸುತ್ತಾರೆ. ಪುಣ್ಯವೆಂದು ಭಾವಿಸಿ ಬೆಟ್ಟದಿಂದ ಧುಮುಕುವುದು, ಬೆಂಕಿಗೆ ಬೀಳುವುದು ಮೊದಲಾದವನ್ನು ಅವರು ಲೋಕಮೂಢತೆಯಲ್ಲಿ ಸೇರಿಸಿದ್ದಾರೆ. ಸಲ್ಲೇಖನವು ಇದರಿಂದ ಸಂಪೂರ್ಣ ಭಿನ್ನವಾದುದು. ಅದು ದುಃಖದ ಆವೇಗದಲ್ಲಿ ಕೈಗೊಳ್ಳುವ ಕಾರ್ಯವಲ್ಲ. ಆಯುಷ್ಯದ ಕೊನೆಯಲ್ಲಿ ಗುರುಗಳ ಅನುಮತಿಯಿಂದ, ರಾಗದ್ವೇಷಗಳನ್ನು ಬಿಟ್ಟು, ಸಮಭಾವದಿಂದ ನಡೆಸುವ ವ್ರತ.

ಅತ್ತಿಮಬ್ಬೆ ಆರಿಸಿಕೊಂಡದ್ದು ವ್ರತದ ಹಾದಿ. ಮನೆಯಲ್ಲಿದ್ದೇ ಆಕೆ ಸಂಯಮಿಯಾದಳು, ಉಪವಾಸಗಳಿಂದ ದೇಹವನ್ನು ಕೃಶಗೊಳಿಸಿದಳು, ಜಿನಪೂಜೆಯಲ್ಲಿ ಮನಸ್ಸನ್ನು ನಿಲ್ಲಿಸಿದಳು. ಹಾಗೆಂದು ಮಗನನ್ನು ಮರೆಯಲಿಲ್ಲ. ಅವನನ್ನು ಬೆಳೆಸಿ, ವಿದ್ಯೆ ಕಲಿಸಿ, ತಂದೆಯ ಸ್ಥಾನಕ್ಕೆ ತಕ್ಕವನನ್ನಾಗಿ ಮಾಡಿದಳು. ಅಣ್ಣಿಗದೇವನೂ ಚಾಲುಕ್ಯರ ಸೇನಾನಿಯಾಗಿ ಹೆಸರು ಪಡೆದನು. ವೈರಾಗ್ಯಕ್ಕೂ ವಾತ್ಸಲ್ಯಕ್ಕೂ ಹೊಂದಿಕೆಯಿಲ್ಲವೆಂದು ಹೇಳುವವರು ಈ ತಾಯಿಯ ಬಾಳನ್ನು ನೋಡಬೇಕು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯವೂ ಒಂದೆಂಬುದನ್ನು ಇಲ್ಲಿ ಸ್ಮರಿಸತಕ್ಕದ್ದು.

ತವರಿನ ಗ್ರಂಥಕ್ಕೆ ಸಾವಿರ ಪ್ರತಿ

ಜೈನ ಶ್ರಾವಕನಿಗೆ ಆಹಾರದಾನ, ಅಭಯದಾನ, ಔಷಧದಾನ, ಶಾಸ್ತ್ರದಾನ ಎಂದು ನಾಲ್ಕು ದಾನಗಳು ವಿಹಿತವಾಗಿವೆ. ಅತ್ತಿಮಬ್ಬೆ ನಾಲ್ಕನ್ನೂ ಮಾಡಿದವಳೇ. ಚಿನ್ನ ಮತ್ತು ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಆದರೆ ಆಕೆಯ ಹೆಸರನ್ನು ಅಜರಾಮರಗೊಳಿಸಿದ್ದು ಶಾಸ್ತ್ರದಾನ. ತನ್ನ ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಶಾಂತಿಪುರಾಣವು ಎಲ್ಲಿ ನಶಿಸಿಹೋಗುವುದೋ ಎಂಬ ಕಳಕಳಿಯಿಂದ ಆಕೆ ಅದರ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು.

ಇಂದು ಸಾವಿರ ಪ್ರತಿ ಎಂದರೆ ಮುದ್ರಣಾಲಯದವರಿಗೆ ಒಂದೆರಡು ದಿನದ ಕೆಲಸ. ಅಂದು ಹಾಗಿರಲಿಲ್ಲ. ತಾಳೆಯ ಎಲೆಗಳನ್ನು ತಂದು, ಹದಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಬಳಿಕ ಮಸಿಯನ್ನು ಸವರಿ ಒರೆಸಿದರೆ ಅಕ್ಷರ ಕಾಣುತ್ತದೆ. ಗರಿಗಳಿಗೆ ರಂಧ್ರ ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟಬೇಕು. ಶಾಂತಿಪುರಾಣವು ಹನ್ನೆರಡು ಆಶ್ವಾಸಗಳ ದೊಡ್ಡ ಕಾವ್ಯ. ಒಬ್ಬ ಲಿಪಿಕಾರನಿಗೆ ಒಂದು ಪ್ರತಿ ಮುಗಿಸಲು ಎರಡು ತಿಂಗಳು ಸಾಕೆಂದು ಇಟ್ಟುಕೊಳ್ಳೋಣ. ಸಾವಿರ ಪ್ರತಿಗೆ ಎರಡು ಸಾವಿರ ತಿಂಗಳು, ಅಂದರೆ 166 ವರ್ಷ 8 ತಿಂಗಳು ಬೇಕು. ಇಪ್ಪತ್ತು ಜನರನ್ನು ಕೂರಿಸಿದರೂ ಎಂಟು ವರ್ಷ ನಾಲ್ಕು ತಿಂಗಳ ಕೆಲಸ. ಅಷ್ಟು ಕಾಲ ಅವರಿಗೆ ಊಟ, ವಸತಿ, ಸಂಬಳ, ಎಲೆಯ ಖರ್ಚು, ಬರೆದುದನ್ನು ತಿದ್ದುವ ಪಂಡಿತರ ಗೌರವಧನ ಇವೆಲ್ಲ ಸಾಗಬೇಕು. ಇದು ಅಂದಾಜಿನ ಲೆಕ್ಕವೇ ಆದರೂ ಆ ಕಾರ್ಯದ ಗಾತ್ರವನ್ನು ತಿಳಿಯಲು ಸಾಕು. ಒಮ್ಮೆ ಮನಸ್ಸು ಕರಗಿ ಕೈಯೆತ್ತಿ ಕೊಟ್ಟ ದಾನ ಇದಲ್ಲ. ವರ್ಷಗಟ್ಟಲೆ ಬಿಡದೆ ನಡೆಸಿದ ವ್ಯವಸ್ಥೆ.

ಹೀಗೆ ಮಾಡಿದುದರ ಲಾಭ ಯಾರಿಗೆ? ಒಂದೇ ಪ್ರತಿ ಇದ್ದರೆ ಗೆದ್ದಲು, ಬೆಂಕಿ, ನೀರು, ಶತ್ರುಗಳ ದಾಳಿ ಇವುಗಳಲ್ಲಿ ಯಾವುದಾದರೂ ಒಂದು ಅದನ್ನು ಮುಗಿಸಿಬಿಡುತ್ತದೆ. ಸಾವಿರ ಊರುಗಳಿಗೆ ಹೋದ ಗ್ರಂಥವು ಎಲ್ಲೋ ಒಂದು ಕಡೆ ಉಳಿಯುತ್ತದೆ. ತವರಿನವರ ನೆನಪನ್ನು ಆಕೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ, ಹಂಚಿ ಕಾಪಾಡಿದಳು.

ರನ್ನನ ಅಜಿತಪುರಾಣ

ಹಳೆಯ ಗ್ರಂಥವನ್ನು ಉಳಿಸಿದ ತಾಯಿ ಹೊಸ ಗ್ರಂಥಕ್ಕೂ ಕಾರಣಳಾದಳು. ಕ್ರಿ.ಶ. 949ರಲ್ಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಜನಿಸಿದ ರನ್ನನು ಬಳೆಗಾರರ ಮನೆಯ ಹುಡುಗ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ವಿದ್ಯೆಯ ಹಂಬಲದಿಂದ ಅವನು ಗಂಗರ ನಾಡಿಗೆ ಹೋಗಿ, ಚಾವುಂಡರಾಯನ ಆಶ್ರಯದಲ್ಲಿ ಅಜಿತಸೇನಾಚಾರ್ಯರ ಶಿಷ್ಯನಾದನು. ಅಂಥ ಕವಿಯನ್ನು ಗುರುತಿಸಿ ಪೋಷಿಸಿ ಅತ್ತಿಮಬ್ಬೆಯು ಎರಡನೆಯ ತೀರ್ಥಂಕರರ ಚರಿತ್ರೆಯಾದ ಅಜಿತಪುರಾಣವನ್ನು ಬರೆಯಿಸಿದಳು. ಕ್ರಿ.ಶ. 993ರಲ್ಲಿ ಅದು ಪೂರ್ಣವಾಯಿತು. ಆಕೆಯ ಮನೆತನದ ವೃತ್ತಾಂತ ಇಂದಿಗೆ ತಿಳಿದುಬರುವುದು ಬಹುಮಟ್ಟಿಗೆ ಇದೇ ಕಾವ್ಯದಿಂದ. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಆಶ್ರಯದಾತರ ಋಣವನ್ನು ಕವಿಯು ಮನೆಯ ಮಕ್ಕಳ ಹೆಸರಿನಲ್ಲಿ ಉಳಿಸಿಕೊಂಡನು.

ಅಜಿತ ತೀರ್ಥಂಕರರ ಕಾಲದಲ್ಲಿಯೇ ಸಗರ ಚಕ್ರವರ್ತಿಯ ಕಥೆಯೂ ಬರುತ್ತದೆ. ಅಪಾರ ಪುತ್ರಸಂಪತ್ತಿದ್ದ ಚಕ್ರವರ್ತಿಯು ಮಕ್ಕಳ ಮರಣವಾರ್ತೆಯನ್ನು ಕೇಳಿ, ಸಂಸಾರದ ಅನಿತ್ಯತೆಯನ್ನು ಅರಿತು, ದೀಕ್ಷೆಯ ಕಡೆಗೆ ತಿರುಗುತ್ತಾನೆ. ಗಂಡನನ್ನೂ ತಂಗಿಯನ್ನೂ ಕಳೆದುಕೊಂಡ ಒಬ್ಬ ತಾಯಿ ಈ ಕಥೆಯನ್ನು ಕೇಳುವಾಗ ಅದು ಆಕೆಗೆ ಬರಿಯ ಪುರಾಣವಾಗಿ ಉಳಿದಿರಲಾರದು. ದುಃಖವು ಎಲ್ಲರ ಮನೆಗೂ ಬರುತ್ತದೆ. ಬಂದ ದುಃಖವನ್ನು ಜ್ಞಾನದ ಕಡೆಗೆ ತಿರುಗಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ಲಕ್ಕುಂಡಿಯ ಬಸದಿ ಮತ್ತು ಪವಾಡಗಳು

ಕನ್ನಡದಲ್ಲಿ ಬಸದಿ ಎನ್ನುವುದನ್ನೇ ಮರಾಠಿ, ಹಿಂದಿಯವರು ಮಂದಿರವೆಂದೂ ಗುಜರಾತಿಯವರು ದೇರಾಸರವೆಂದೂ ಕರೆಯುತ್ತಾರೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯವು ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಇಂದಿಗೂ ನಿಂತಿದೆ. ಅಲ್ಲಿಯ ಕ್ರಿ.ಶ. 1007ರ ಶಾಸನವು ಆಕೆಯ ಗುಣಗಳನ್ನು ವರ್ಣಿಸುತ್ತದೆ. ಆಗ ಆಳುತ್ತಿದ್ದವನು ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯ. ಬಳಪದ ಕಲ್ಲಿನಲ್ಲಿ ಕಟ್ಟಿದ ಈ ಬಸದಿಯೊಳಗೆ ನಾಲ್ಕು ಮುಖಗಳ ಬ್ರಹ್ಮನ ಮೂರ್ತಿಯೂ ಪದ್ಮಾವತಿಯ ಮೂರ್ತಿಯೂ ಇವೆ. ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ, ಬಾದಾಮಿ ಮಾರ್ಗವಾಗಿ ಹೋಗುವ ರೈಲಿನಿಂದ ಗದಗದಲ್ಲಿ ಇಳಿದರೆ ಲಕ್ಕುಂಡಿ ಅಲ್ಲಿಂದ ಸುಮಾರು 12 ಕಿಲೋಮೀಟರು. ಶ್ರವಣಬೆಳಗೊಳದ ಯಾತ್ರೆಗೆ ಹೋಗುವ ಕುಟುಂಬಗಳು ದಾರಿಯಲ್ಲಿ ಇಳಿದು ಮಕ್ಕಳಿಗೆ ಈ ಬಸದಿಯನ್ನು ತೋರಿಸುವುದು ಉಚಿತ.

ಅತ್ತಿಮಬ್ಬೆಯ ವಿಷಯದಲ್ಲಿ ಹಲವು ಅತಿಶಯಗಳನ್ನು ಪರಂಪರೆ ಹೇಳುತ್ತದೆ. ಗೊಮ್ಮಟೇಶ್ವರನ ದರ್ಶನವಾಗುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ವ್ರತ ಹಿಡಿದು ಬೆಟ್ಟ ಹತ್ತಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ಆಕೆಯನ್ನು ತಣಿಸಿತಂತೆ. ತುಂಬಿ ಹರಿಯುತ್ತಿದ್ದ ಗೋದಾವರಿ ಆಕೆಯ ಭಕ್ತಿಗೆ ಮಣಿದು ನಿಂತಿತಂತೆ. ಮಳೆಗಾಗಿ ಮುಗಿಲು ನೋಡುವ ಜತ್ತ ತಾಲೂಕಿನ ಜನರಿಗೆ ಮೊದಲನೆಯ ಕಥೆಯ ಸವಿ ಬೇರೆಯವರಿಗಿಂತ ಹೆಚ್ಚು ತಿಳಿಯುತ್ತದೆ. ಈ ಕಥೆಗಳನ್ನು ಶ್ರದ್ಧೆಯಿಂದ ಕೇಳೋಣ. ಆದರೆ ಮಳೆ ಬರಿಸುವುದು ಎಲ್ಲರಿಂದ ಆಗದು, ಗ್ರಂಥ ಬರೆಯಿಸುವುದು ಎಲ್ಲರಿಂದ ಆಗುತ್ತದೆ. ಅನುಸರಿಸಲು ಬರುವ ಅತಿಶಯ ಅದೊಂದೇ.

ಕರ್ನಾಟಕ ಸರ್ಕಾರವು ಆಕೆಯ ಹೆಸರಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯನ್ನು ಸ್ಥಾಪಿಸಿ ಮಹಿಳಾ ಸಾಹಿತಿಗಳನ್ನು ಗೌರವಿಸುತ್ತ ಬಂದಿದೆ. ಸಾವಿರ ವರ್ಷದ ಮೇಲೆಯೂ ಆಕೆಯ ಹೆಸರು ಅಕ್ಷರದೊಂದಿಗೇ ಸೇರಿಕೊಂಡಿದೆ.

ಆಕೆಯಂತೆ ನಡೆದ ತಾಯಂದಿರು

ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿಯನ್ನು ಎಲ್ಲ ದಿಗಂಬರ ಜೈನರೂ ಆಚರಿಸುತ್ತಾರೆ. ಗಿರನಾರದ ಗುಹೆಯಲ್ಲಿ ಧರಸೇನಾಚಾರ್ಯರಿಂದ ಕಲಿತ ಪುಷ್ಪದಂತ, ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಗ್ರಂಥರೂಪಕ್ಕೆ ತಂದ ನೆನಪು ಅದು. ಆ ಆಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಕ್ರಿ.ಶ. 816ರಲ್ಲಿ ಪೂರ್ಣಗೊಂಡಿತು. ಈ ಮಹಾಗ್ರಂಥಗಳು ಉಳಿದು ಬಂದದ್ದು ಮೂಡಬಿದಿರೆಯ ಬಸದಿಯ ತಾಳೆಗರಿಗಳಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಅವುಗಳ ಪ್ರತಿ ಮಾಡಿಸಿದವರು ಯಾರು? ಧವಲೆಯ ಪ್ರತಿಯನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದವಳು ದೇಮಿಯಕ್ಕ. ಮಹಾಬಂಧದ ಪ್ರತಿಯನ್ನು ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಇಬ್ಬರೂ ಮನೆಯಲ್ಲಿದ್ದು ವ್ರತ ನಡೆಸಿದ ಶ್ರಾವಿಕೆಯರು. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ನಾಗರಿ ಲಿಪಿಯಲ್ಲಿ ಹಿಂದಿ ಅನುವಾದದೊಡನೆ ಅಚ್ಚಾದಾಗ, ಅದರ ಮೂಲದಲ್ಲಿ ಈ ಕನ್ನಡ ತಾಯಂದಿರ ದಾನವಿತ್ತು. ಗುಜರಾತದ ಗಿರಿಯಲ್ಲಿ ಹೇಳಿದ್ದು, ಕನ್ನಡ ಲಿಪಿಯಲ್ಲಿ ಉಳಿದದ್ದು, ಮಹಾರಾಷ್ಟ್ರದಲ್ಲಿ ಮುದ್ರಣವಾದದ್ದು ಒಂದೇ ಜಿನವಾಣಿ.

ಇನ್ನೂ ಹತ್ತಿರದ ಒಂದು ಉದಾಹರಣೆ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ್ದು. ಅಲ್ಲಿಯ ಭೀಮಗೌಡ ಪಾಟೀಲರ ಧರ್ಮಪತ್ನಿ ಸತ್ಯವತಿ. ಆ ತಾಯಿಯ ಮಗ ಸಾತಗೌಡ 1872ರಲ್ಲಿ ಯಳಗುಡದಲ್ಲಿ ಹುಟ್ಟಿದನು. ಹದಿನೆಂಟರ ಪ್ರಾಯದಲ್ಲಿಯೇ ಅವನ ಮನಸ್ಸು ವೈರಾಗ್ಯದತ್ತ ಹರಿದಿತ್ತು. ಆದರೂ ತಂದೆತಾಯಿಗಳು ಬದುಕಿರುವವರೆಗೆ ಮನೆಯಲ್ಲಿಯೇ ಇದ್ದು ಅವರ ಸೇವೆ ಮಾಡಿದನು. 1912ರಲ್ಲಿ ಅವರು ತೀರಿಕೊಂಡ ಬಳಿಕವೇ ತ್ಯಾಗಮಾರ್ಗಕ್ಕೆ ಕಾಲಿಟ್ಟು, 1920ರಲ್ಲಿ ಮುನಿದೀಕ್ಷೆ ಪಡೆದನು. ಅವರೇ ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು. ಕನ್ನಡ ಮಾತನಾಡುವ ಮನೆಯಲ್ಲಿ ಬೆಳೆದ ಅವರು ಉತ್ತರ ಭಾರತದವರೆಗೂ ವಿಹಾರ ಮಾಡಿದರು. ಧವಲಾದಿ ಸಿದ್ಧಾಂತ ಗ್ರಂಥಗಳು ನಶಿಸಬಾರದೆಂದು ತಾಮ್ರಪಟಗಳ ಮೇಲೆ ಕೆತ್ತಿಸುವ ಕಾರ್ಯಕ್ಕೆ ಪ್ರೇರಣೆ ನೀಡಿದರು. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನಪೂರ್ವಕ ಸಮಾಧಿ ಹೊಂದಿದರು. ಮಾತೆ ಸತ್ಯವತಿಯ ಹೆಸರಿನ ದೊಡ್ಡ ಶಾಸನವಿಲ್ಲ. ಆಕೆಯ ಮಗನ ಚಾರಿತ್ರವೇ ಆಕೆಯ ಶಾಸನ.

ವ್ಯಾಪಾರಿಗಳೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಸೊಲ್ಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ತಮ್ಮ ಸಂಪತ್ತನ್ನು ಶಾಸ್ತ್ರಸೇವೆಗೆ ಮುಡಿಪಾಗಿಟ್ಟರು. ಅವರ ಹೆಸರಿನ ಜೀವರಾಜ ಜೈನ ಗ್ರಂಥಮಾಲೆಯಿಂದ ಅನೇಕ ದುರ್ಲಭ ಗ್ರಂಥಗಳು ಅಚ್ಚಾಗಿ ಮನೆಮನೆಗೆ ತಲುಪಿವೆ. ತಾಳೆಗರಿಯ ಕಾಲ ಹೋಗಿ ಮುದ್ರಣದ ಕಾಲ ಬಂದರೂ ದಾನದ ಸ್ವರೂಪ ಬದಲಾಗಲಿಲ್ಲ.

ಗಡಿಭಾಗದ ಮನೆಗಳಿಗೆ ಪಾಠ

ತಿಕೋಂಡಿಯಂಥ ಗಡಿಭಾಗದ ಊರಿನಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ, ತ್ಯಾಗಿಗಳ ಪ್ರವಚನ ಬಹುಸಾರಿ ಹಿಂದಿ, ಪೂಜೆಯ ಮಂತ್ರ ಸಂಸ್ಕೃತ ಪ್ರಾಕೃತ, ಮಕ್ಕಳ ಓದು ಮರಾಠಿ ಅಥವಾ ಇಂಗ್ಲಿಷ್. ಇದು ಕೊರತೆಯಲ್ಲ, ಸಂಪತ್ತು. ವೆಂಗಿಯ ತೆಲುಗು ಸೀಮೆಯಿಂದ ಬಂದ ಮನೆತನದ ಮಗಳು ಕನ್ನಡ ಕಾವ್ಯಗಳಿಗೆ ತಾಯಿಯಾದಳು ಎಂಬುದನ್ನು ನೆನೆದರೆ ಭಾಷೆಯ ಗಡಿ ಧರ್ಮಕ್ಕೆ ಗಡಿಯಲ್ಲವೆಂದು ಮನವರಿಕೆಯಾಗುತ್ತದೆ.

ಆದರೆ ಈ ಸಂಪತ್ತಿನಲ್ಲಿ ಒಂದು ಸೋರಿಕೆಯೂ ಇದೆ. ಅಜ್ಜಿ ಕನ್ನಡದಲ್ಲಿ ಬರೆದಿಟ್ಟ ವ್ರತಕಥೆಯ ವಹಿಯನ್ನು ಮರಾಠಿ ಶಾಲೆಗೆ ಹೋದ ಮೊಮ್ಮಗ ಓದಲಾರ. ಮರಾಠಿ ತವರಿನಿಂದ ಬಂದ ಸೊಸೆಯ ಆರತಿಯ ಪದಗಳನ್ನು ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗಳು ಓದಲಾರಳು. ಓದಲು ಬಾರದ ಪುಸ್ತಕ ಕಪಾಟಿನ ಮೂಲೆ ಸೇರುತ್ತದೆ. ಮನೆ ಸುಣ್ಣ ಬಳಿಯುವಾಗ ಯಾರೋ ಅದನ್ನು ಪವಿತ್ರವಸ್ತುವೆಂದು ಬಾವಿಗೋ ಹೊಳೆಗೋ ಬಿಡುತ್ತಾರೆ. ಭಾವನೆ ಒಳ್ಳೆಯದೇ, ಪರಿಣಾಮ ಮಾತ್ರ ಶಾಸ್ತ್ರನಾಶ. ಅತ್ತಿಮಬ್ಬೆ ಸಾವಿರ ಮಾಡಿ ಉಳಿಸಿದಳು. ಒಂದೇ ಒಂದು ಇರುವುದನ್ನು ನೀರಿಗೆ ಬಿಡುವುದು ಆಕೆಯ ವಂಶದವರಿಗೆ ತಕ್ಕದ್ದಲ್ಲ.

ಆದ್ದರಿಂದ ತಾಯಿಯ ಸ್ಮರಣೆಗಾಗಿ ಪ್ರತಿಯೊಂದು ಕುಟುಂಬವೂ ಈ ಕಾರ್ಯಗಳನ್ನು ಕೈಗೊಳ್ಳಬಹುದು.

1. ಮನೆಯ ಹಿರಿಯ ತಾಯಂದಿರು ಬದುಕಿರುವಾಗಲೇ ಅವರಿಗೆ ಬರುವ ಹಾಡು, ಆರತಿ, ವ್ರತಕಥೆ, ನೋಂಪಿಯ ವಿಧಾನ ಇವುಗಳನ್ನು ಕೇಳಿ ಬರೆದುಕೊಳ್ಳುವುದು. ಇಂದು ಎಲ್ಲರ ಕೈಯಲ್ಲಿ ಮೊಬೈಲು ಇದೆ. ಅವರ ಧ್ವನಿಯನ್ನೇ ಮುದ್ರಿಸಿಕೊಳ್ಳಬಹುದು.

2. ಬರೆದುದನ್ನು ಕನ್ನಡ ಮತ್ತು ನಾಗರಿ ಎರಡೂ ಲಿಪಿಗಳಲ್ಲಿ ಇಡುವುದು. ಮಾತು ಕನ್ನಡದ್ದೇ ಇರಲಿ. ನಾಗರಿಯಲ್ಲಿ ಬರೆದರೆ ಮರಾಠಿ ಕಲಿತ ಮಕ್ಕಳೂ ಹಾಡಬಲ್ಲರು.

3. ಹಳೆಯ ವಹಿ, ಕೈಬರಹ, ತಾಳೆಗರಿ ಯಾವುದೇ ಇದ್ದರೂ ನೀರಿಗೆ ಬಿಡದೆ, ಒಣಗಿದ ಸ್ಥಳದಲ್ಲಿ ಶುದ್ಧ ಬಟ್ಟೆಯಲ್ಲಿ ಕಟ್ಟಿಟ್ಟು, ತಿಳಿದವರಿಗೆ ತೋರಿಸುವುದು.

4. ತಾಯಿಯ ಪುಣ್ಯಸ್ಮರಣೆಯ ದಿನ ಒಂದು ಸಣ್ಣ ಶಾಸ್ತ್ರಗ್ರಂಥವನ್ನಾದರೂ ಕೊಂಡು ಓದುವವರಿಗೆ ಕೊಡುವುದು. ಕೊಟ್ಟವರು ಅದನ್ನು ತಾವೂ ಮಕ್ಕಳೊಡನೆ ಕುಳಿತು ಒಂದು ಸಲ ಓದುವುದು.

5. ಶ್ರುತಪಂಚಮಿಯಂದು ಶಾಸ್ತ್ರಪೂಜೆಯ ಜೊತೆಗೆ ಮನೆಯ ಹಿರಿಯರೊಬ್ಬರ ಜೀವನವನ್ನು ಮಕ್ಕಳಿಗೆ ಹೇಳುವುದು. ಅವರು ಯಾವ ವ್ರತ ಹಿಡಿದಿದ್ದರು, ಬರಗಾಲದಲ್ಲಿ ಸಂಸಾರವನ್ನು ಹೇಗೆ ನಡೆಸಿದರು, ಯಾರಿಗೆ ಏನು ಕೊಟ್ಟರು ಎಂಬುದನ್ನು ಹೇಳಿದರೆ ಫರಸಿಯ ಮೇಲಿನ ಹೆಸರಿಗೆ ಜೀವ ಬರುತ್ತದೆ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ. ಅತ್ತಿಮಬ್ಬೆಯ ಐಶ್ವರ್ಯ ಎಲ್ಲರಿಗೂ ಇಲ್ಲ, ಆದರೆ ಆಕೆಯ ತಾಳ್ಮೆ ಎಲ್ಲರಿಗೂ ಸಾಧ್ಯ. ಹತ್ತು ಹಾಡು ಬಲ್ಲ ಅವ್ವನಿಂದ ವಾರಕ್ಕೊಂದು ಹಾಡನ್ನು ಕಲಿತರೆ ಹತ್ತು ವಾರಕ್ಕೆ ಆ ಸಂಪತ್ತು ಇನ್ನೊಂದು ತಲೆಮಾರಿಗೆ ಸೇರುತ್ತದೆ. ಅವ್ವ ಹೋದ ಮೇಲೆ ಎಷ್ಟು ಲಕ್ಷ ಖರ್ಚು ಮಾಡಿದರೂ ಅದು ಸಿಗದು.

ಮನನಕ್ಕಾಗಿ

ಮಂದಿರದ ಪಾಠಶಾಲೆಯಲ್ಲಿಯೂ ಮನೆಯಲ್ಲಿಯೂ ಮಕ್ಕಳನ್ನು ಕೂರಿಸಿಕೊಂಡು ಈ ಪ್ರಶ್ನೆಗಳನ್ನು ಚರ್ಚಿಸಬಹುದು.

ಅತ್ತಿಮಬ್ಬೆಯ ತಂದೆ ಮತ್ತು ಚಿಕ್ಕಪ್ಪ ಯಾರ ನೆನಪಿಗಾಗಿ ಶಾಂತಿಪುರಾಣವನ್ನು ಬರೆಯಿಸಿದರು?

ಗಂಡನ ಮರಣಾನಂತರ ಅತ್ತಿಮಬ್ಬೆ ಬದುಕಿ ಉಳಿದದ್ದರಿಂದ ಮಗನಿಗೂ ಸಮಾಜಕ್ಕೂ ಆದ ಉಪಕಾರಗಳಾವುವು?

ನಾಲ್ಕು ದಾನಗಳಲ್ಲಿ ಶಾಸ್ತ್ರದಾನದ ಫಲ ಹೆಚ್ಚು ಕಾಲ ಉಳಿಯುವುದು ಹೇಗೆ?

ನಿಮ್ಮ ಅಜ್ಜಿಗೆ ಬರುವ, ನಿಮಗೆ ಬಾರದ ಒಂದು ಹಾಡು ಅಥವಾ ವ್ರತಕಥೆ ಯಾವುದು?

ಕೊನೆಯ ಪ್ರಶ್ನೆಗೆ ಉತ್ತರ ಈ ಪುಸ್ತಕದಲ್ಲಿ ಸಿಗುವುದಿಲ್ಲ. ಅಜ್ಜಿಯ ಬಳಿಗೇ ಹೋಗಿ ಕೇಳಬೇಕು.

ಸಕಲ ಜೀವರಾಶಿಗೂ ಶಾಂತಿಯಾಗಲಿ. ಜೈ ಜಿನೇಂದ್ರ.